ಹಾಲಿನೊಡನೆ ಇಳಿಯುವ ಋಣ: ಹೆಣ್ಣು ತಿಮಿಂಗಿಲದ ಒಡಲಲ್ಲಿ ರಾಸಾಯನಿಕ ವಿಷ

ಕಡಲಿನ ಮಹಾಜೀವಿಗೆ ನಮ್ಮ ಪೂರ್ವಿಕರು ಇಟ್ಟ ಹೆಸರಿನಲ್ಲಿಯೇ ಒಂದು ಪಾಠ ಅಡಗಿದೆ. ‘ತಿಮಿ’ ಎಂದರೆ ಒಂದು ದೊಡ್ಡ ಮೀನು. ಅದನ್ನು ನುಂಗುವುದು ‘ತಿಮಿಂಗಿಲ’. ಆ ತಿಮಿಂಗಿಲವನ್ನೂ ನುಂಗುವಂಥದು ‘ತಿಮಿಂಗಿಲಗಿಲ’. ಸಣ್ಣದನ್ನು ದೊಡ್ಡದು, ದೊಡ್ಡದನ್ನು ಅದಕ್ಕಿಂತ ದೊಡ್ಡದು ನುಂಗುತ್ತ ಹೋಗುವ ಈ ಸಾಲನ್ನು ಇಂದಿನ ಜೀವವಿಜ್ಞಾನವು ‘ಆಹಾರ ಸರಪಳಿ’ ಎಂದು ಕರೆಯುತ್ತದೆ. ಪೂರ್ವಿಕರ ಕಾಲದಲ್ಲಿ ಇಲ್ಲದಿದ್ದ ಒಂದು ಪದಾರ್ಥವನ್ನು ಇಪ್ಪತ್ತನೆಯ ಶತಮಾನದ ಮಾನವನು ಈ ಸರಪಳಿಯೊಳಗೆ ಸೇರಿಸಿದನು. ಅದು ಒಂದು ಬಾಯಿಂದ ಇನ್ನೊಂದು ಬಾಯಿಗೆ ದಾಟುತ್ತ, ಕೊನೆಗೆ ತಿಮಿಂಗಿಲದ ಕೊಬ್ಬಿನಲ್ಲಿ ನೆಲೆಸಿತು. ಅಲ್ಲಿಂದ ತಾಯಿಯ ಹಾಲಿನ ಮೂಲಕ ಮರಿಯ ಒಡಲನ್ನು ಸೇರಿತು.

ತಿಮಿಂಗಿಲವು ಮೀನಲ್ಲವೆಂಬುದು ಓದುಗರಿಗೆ ತಿಳಿದ ವಿಷಯವೇ. ಅದು ಶ್ವಾಸಕೋಶದಿಂದ ಉಸಿರಾಡುವ, ಬಿಸಿರಕ್ತದ ಸ್ತನಿ. ಗರ್ಭ ಧರಿಸಿ, ಮರಿ ಹಾಕಿ, ಹಾಲೂಡಿ ಸಲಹುತ್ತದೆ. ಈ ಮಾತೃಧರ್ಮವೇ ಇಂದು ಅದರ ಸಂತಾನಕ್ಕೆ ಕಂಟಕವಾಗಿ ಪರಿಣಮಿಸಿರುವ ಬಗೆಯನ್ನು ತಿಳಿಯುವುದು ಪ್ರಸ್ತುತ ಲೇಖನದ ಉದ್ದೇಶ. ಇದು ಕೇವಲ ಸಮುದ್ರದ ಕಥೆಯಲ್ಲ. ಹಾಲೂಡುವ ಸಕಲ ಜೀವಿಗಳಿಗೂ ಸಂಬಂಧಿಸಿದ ಆರೋಗ್ಯದ ಪ್ರಶ್ನೆ.

ಅಳಿಯದ ಪದಾರ್ಥಗಳು

ಇಲ್ಲಿ ಮುಖ್ಯವಾಗಿ ಎರಡು ರಾಸಾಯನಿಕಗಳನ್ನು ಹೆಸರಿಸಬೇಕು. ಮೊದಲನೆಯದು ಪಿ.ಸಿ.ಬಿ., ಅಂದರೆ ಪಾಲಿಕ್ಲೋರಿನೇಟೆಡ್ ಬೈಫಿನೈಲ್. ಇದರ ವಾಣಿಜ್ಯ ತಯಾರಿಕೆ 1929ರಲ್ಲಿ ಅಮೆರಿಕದಲ್ಲಿ ಆರಂಭವಾಯಿತು. ಬೆಂಕಿಗೆ ಸುಲಭವಾಗಿ ಉರಿಯದ, ವಿದ್ಯುತ್ತನ್ನು ಹರಿಯಗೊಡದ, ಆಮ್ಲ ಕ್ಷಾರಗಳಿಗೂ ಜಗ್ಗದ ಈ ದ್ರವವನ್ನು ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್‌ಗಳಲ್ಲಿ ತುಂಬಿದರು. ಬಣ್ಣಗಳಲ್ಲಿ, ಕಟ್ಟಡದ ಸಂದುಗಳನ್ನು ಮುಚ್ಚುವ ಮೇಣಗಳಲ್ಲಿ ಬೆರೆಸಿದರು. ಕಾರ್ಬನ್ ಹಾಳೆಯಿಲ್ಲದೆಯೇ ನಕಲು ತೆಗೆಯುವ ಕಾಗದಕ್ಕೂ ಬಳಿದರು. ಪ್ರಪಂಚದಲ್ಲಿ ಒಟ್ಟು ಹತ್ತು ಲಕ್ಷ ಟನ್ನುಗಳಿಗೂ ಹೆಚ್ಚು ಪಿ.ಸಿ.ಬಿ. ತಯಾರಾಯಿತು.

ಎರಡನೆಯದು ಎಲ್ಲರಿಗೂ ಪರಿಚಿತವಾದ ಡಿ.ಡಿ.ಟಿ. ಇದರ ಕೀಟನಾಶಕ ಗುಣವನ್ನು 1939ರಲ್ಲಿ ಸ್ವಿಟ್ಜರ್ಲೆಂಡಿನ ಪೌಲ್ ಮ್ಯೂಲರ್ ಕಂಡುಹಿಡಿದನು. ಅದಕ್ಕಾಗಿ 1948ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಈ ಪುಡಿಯ ಉಪಕಾರವನ್ನು ಮರೆಯುವುದು ನ್ಯಾಯವಲ್ಲ. 1953ರಲ್ಲಿ ಭಾರತದ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮವು ಇದನ್ನೇ ಆಧರಿಸಿ ಆರಂಭವಾಯಿತು. ಚಳಿಜ್ವರದಿಂದ ನಲುಗಿದ್ದ ನಮ್ಮ ಮಲೆನಾಡು ಚೇತರಿಸಿಕೊಂಡುದರಲ್ಲಿ ಇದರ ಪಾತ್ರ ಸಣ್ಣದಲ್ಲ.

ಆದರೆ ಈ ಎರಡು ಪದಾರ್ಥಗಳ ಗುಣವೇ ಅವುಗಳ ದೋಷವೂ ಆಯಿತು. ಅವು ಸುಲಭವಾಗಿ ಕೊಳೆಯವು, ಕರಗವು, ನಾಶವಾಗವು. ನೀರಿನಲ್ಲಿ ಬೆರೆಯಲೊಲ್ಲವು, ಕೊಬ್ಬಿನಲ್ಲಿ ಮಾತ್ರ ಚೆನ್ನಾಗಿ ಬೆರೆಯುತ್ತವೆ. ಗಾಳಿಯಲ್ಲಿ, ನದಿಯಲ್ಲಿ, ಕಡಲ ಪ್ರವಾಹಗಳಲ್ಲಿ ತೇಲಿಕೊಂಡು ತಯಾರಾದ ಊರಿನಿಂದ ಸಾವಿರಾರು ಮೈಲಿ ದೂರದ ಧ್ರುವಪ್ರದೇಶವನ್ನೂ ತಲುಪುತ್ತವೆ.

1966ರಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಸೋರೆನ್ ಯೆನ್ಸೆನ್, ಮೀನಿನಲ್ಲಿಯೂ ಹದ್ದಿನಲ್ಲಿಯೂ ಪಿ.ಸಿ.ಬಿ. ಇರುವುದನ್ನು ಪ್ರಕಟಿಸಿದನು. ತನ್ನ, ತನ್ನ ಪತ್ನಿಯ ಹಾಗೂ ಐದು ತಿಂಗಳ ಹಸುಳೆಯ ತಲೆಗೂದಲನ್ನು ಪರೀಕ್ಷಿಸಿದಾಗ ಅಲ್ಲಿಯೂ ಅದೇ ಪದಾರ್ಥ ಕಂಡುಬಂತು. ಇನ್ನೂ ಅನ್ನ ಕಾಣದ ಮಗುವಿಗೆ ಅದು ತಾಯಿಯ ಹಾಲಿನಿಂದಲೇ ಬಂದಿರಬೇಕೆಂದು ಅವನು ಊಹಿಸಿದನು. ತಿಮಿಂಗಿಲಗಳ ವಿಷಯದಲ್ಲಿ ಮುಂದೆ ಸಿದ್ಧಪಟ್ಟ ಸಂಗತಿಗೆ ಇದೇ ಮುನ್ಸೂಚನೆಯಾಗಿತ್ತು.

ಹನಿಯಿಂದ ರಾಶಿಗೆ

ಕಡಲ ನೀರಿನಲ್ಲಿ ಈ ವಿಷದ ಪ್ರಮಾಣ ಅತ್ಯಲ್ಪ. ಹಾಗಿರುವಾಗ ತಿಮಿಂಗಿಲದಲ್ಲಿ ಅದು ಅಷ್ಟೊಂದು ಹೇಗೆ ಕೂಡಿತು? ನೀರಿನಲ್ಲಿ ತೇಲುವ ಕಣ್ಣಿಗೆ ಕಾಣದಷ್ಟು ಚಿಕ್ಕ ಸಸ್ಯ, ಪ್ರಾಣಿಗಳು ಮೊದಲು ಅದನ್ನು ಹೀರಿಕೊಳ್ಳುತ್ತವೆ. ಅಂಥ ಸಾವಿರಾರು ಜೀವಿಗಳನ್ನು ಒಂದು ಸಣ್ಣ ಮೀನು ತಿನ್ನುತ್ತದೆ. ಸಣ್ಣ ಮೀನುಗಳನ್ನು ದೊಡ್ಡ ಮೀನು, ದೊಡ್ಡ ಮೀನುಗಳನ್ನು ಸೀಲ್ ಎಂಬ ಕಡಲಪ್ರಾಣಿ, ಸೀಲನ್ನು ತಿಮಿಂಗಿಲ ತಿನ್ನುತ್ತದೆ. ತಿಂದ ಆಹಾರ ಶಕ್ತಿಯಾಗಿ ವ್ಯಯವಾಗುತ್ತದೆ, ವಿಷ ಮಾತ್ರ ಉಳಿಯುತ್ತದೆ. ಜಮೆಯುಂಟು, ಖರ್ಚಿಲ್ಲ ಎಂಬಂತಹ ಖಾತೆಯಿದು. ಒಂದೊಂದು ಮೆಟ್ಟಿಲಿನಲ್ಲಿಯೂ ಬಾಕಿ ಬೆಳೆಯುತ್ತ ಹೋಗುತ್ತದೆ.

ಜಪಾನಿನ ಶಿನ್‌ಸುಕೆ ತನಾಬೆ ಮತ್ತು ಸಂಗಡಿಗರು 1984ರಲ್ಲಿ ಉತ್ತರ ಪೆಸಿಫಿಕ್ ಸಾಗರದ ಪಶ್ಚಿಮ ಭಾಗದ ಅಧ್ಯಯನವೊಂದನ್ನು ಪ್ರಕಟಿಸಿದರು. ಅಲ್ಲಿಯ ನೀರಿಗಿಂತ ಅದೇ ನೀರಿನ ಡಾಲ್ಫಿನ್‌ಗಳ ದೇಹದಲ್ಲಿ ಪಿ.ಸಿ.ಬಿ. ಸುಮಾರು ಒಂದು ಕೋಟಿ ಪಟ್ಟು ಸಾಂದ್ರವಾಗಿತ್ತು. ಚಕ್ರಬಡ್ಡಿಯೂ ನಾಚಬೇಕಾದ ವೃದ್ಧಿಯಿದು. ಡಾಲ್ಫಿನ್ನೂ ತಿಮಿಂಗಿಲದ ಕುಲಕ್ಕೆ ಸೇರಿದ್ದೇ ಎಂಬುದನ್ನು ಇಲ್ಲಿ ನೆನಪಿಡಬೇಕು.

ಎಲ್ಲ ತಿಮಿಂಗಿಲಗಳ ಸ್ಥಿತಿಯೂ ಒಂದೇ ಅಲ್ಲ. ಜರಡಿಯಂಥ ಬಾಯಿಂದ ಸೀಗಡಿಯಂಥ ಕಿರುಜೀವಿಗಳನ್ನು ಸೋಸಿ ತಿನ್ನುವ ಬೃಹತ್ ತಿಮಿಂಗಿಲಗಳು ಸರಪಳಿಯ ಕೆಳಮೆಟ್ಟಿಲಿನಲ್ಲಿ ಉಣ್ಣುವುದರಿಂದ ಅವುಗಳಲ್ಲಿ ವಿಷ ಕಡಿಮೆ. ಹಲ್ಲುಳ್ಳ, ಬೇಟೆಯಾಡುವ ಜಾತಿಗಳಲ್ಲಿ ಹೆಚ್ಚು. ಕಪ್ಪುಬಿಳುಪು ಮೈಯ ಓರ್ಕಾ ಇವುಗಳಲ್ಲಿ ಅಗ್ರಗಣ್ಯ. ‘ಕೊಲೆಗಾರ ತಿಮಿಂಗಿಲ’ವೆಂದು ಹೆಸರಾದ ಇದು ವಾಸ್ತವವಾಗಿ ಡಾಲ್ಫಿನ್ ಕುಟುಂಬದ ಅತಿ ದೊಡ್ಡ ಸದಸ್ಯ.

ಗಂಡು ಹೆಣ್ಣುಗಳ ಲೆಕ್ಕದಲ್ಲಿ ಅಂತರ

ಕೆನಡ ಹಾಗೂ ಅಮೆರಿಕಗಳ ಪಶ್ಚಿಮ ಕರಾವಳಿಯ ಓರ್ಕಾಗಳ ವಂಶಾವಳಿಯನ್ನು 1970ರ ದಶಕದಲ್ಲಿ ಮೈಕೇಲ್ ಬಿಗ್ ಎಂಬ ವಿಜ್ಞಾನಿ ಬರೆದಿಡಲು ಆರಂಭಿಸಿದನು. ಬೆನ್ನಿನ ರೆಕ್ಕೆಯ ಆಕಾರ ಮತ್ತು ಕಲೆಗಳ ಛಾಯಾಚಿತ್ರಗಳಿಂದ ಒಂದೊಂದನ್ನೂ ಗುರುತಿಸಿ, ಯಾರು ತಾಯಿ, ಯಾರು ಮಗು ಎಂಬುದನ್ನು ದಾಖಲಿಸಲಾಯಿತು. ಇಂತಹ ವಂಶಾವಳಿ ಇದ್ದುದರಿಂದಲೇ ಮುಂದಿನ ಸಂಶೋಧನೆ ಸಾಧ್ಯವಾಯಿತು.

ಪೀಟರ್ ರಾಸ್ ಮತ್ತು ಸಂಗಡಿಗರು 1993ರಿಂದ 1996ರವರೆಗೆ ಈ ಓರ್ಕಾಗಳ ಮೈಯಿಂದ ಚಿಕ್ಕ ಬಾಣದ ಮೂಲಕ ಒಂದಿಷ್ಟೇ ಕೊಬ್ಬನ್ನು ತೆಗೆದು ಪರೀಕ್ಷಿಸಿ, 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಕಿಲೋಗ್ರಾಂ ಕೊಬ್ಬಿಗೆ ಎಷ್ಟು ಮಿಲಿಗ್ರಾಂ ಪಿ.ಸಿ.ಬಿ. ಎಂಬ ಸರಾಸರಿ ಲೆಕ್ಕ ಹೀಗಿತ್ತು: ಸೀಲ್ ಮೊದಲಾದ ಸ್ತನಿಗಳನ್ನು ತಿನ್ನುವ ಅಲೆಮಾರಿ ಗುಂಪಿನಲ್ಲಿ ಗಂಡಿಗೆ 251, ಹೆಣ್ಣಿಗೆ 59. ಸಿಯಾಟಲ್, ವ್ಯಾಂಕೂವರ್ ನಗರಗಳ ಸಮೀಪದಲ್ಲಿ ಸಾಲ್ಮನ್ ಮೀನು ತಿಂದು ಬದುಕುವ ದಕ್ಷಿಣದ ಗುಂಪಿನಲ್ಲಿ ಗಂಡಿಗೆ 146, ಹೆಣ್ಣಿಗೆ 55. ಅವುಗಳಿಂದ ಉತ್ತರಕ್ಕಿರುವ ಗುಂಪಿನಲ್ಲಿ ಗಂಡಿಗೆ 37, ಹೆಣ್ಣಿಗೆ 9.

ಈ ಪಟ್ಟಿಯನ್ನು ಮೇಲುನೋಟಕ್ಕೆ ಓದಿದವರಿಗೆ ಹೆಣ್ಣು ತಿಮಿಂಗಿಲವೇ ಆರೋಗ್ಯವಂತೆ ಎನಿಸೀತು. ಒಂದೇ ನೀರು, ಒಂದೇ ಆಹಾರ. ಆದರೂ ಹೆಣ್ಣಿನ ಬಾಕಿ ಗಂಡಿನದರ ಕಾಲುಭಾಗ ಅಥವಾ ಮೂರನೆಯ ಒಂದು ಭಾಗ ಮಾತ್ರ. ಗಂಡಿನಲ್ಲಿ ವಯಸ್ಸಿನೊಡನೆ ವಿಷ ಏರುತ್ತಲೇ ಹೋಗುತ್ತದೆ. ಹೆಣ್ಣಿನಲ್ಲಿ ಪ್ರಾಯಕ್ಕೆ ಬರುವವರೆಗೆ ಏರಿ, ಮರಿ ಹಾಕತೊಡಗಿದ ಮೇಲೆ ಇಳಿಯುತ್ತದೆ. ಹೆರುವ ವಯಸ್ಸು ಮುಗಿದ ಬಳಿಕ ಮತ್ತೆ ಏರತೊಡಗುತ್ತದೆ. ಇಳಿದದ್ದು ಎಲ್ಲಿ ಹೋಯಿತು? ಲೆಕ್ಕ ತಿಳಿದವರೆಲ್ಲರೂ ಕೇಳಬೇಕಾದ ಪ್ರಶ್ನೆಯಿದು. ಒಂದು ಖಾತೆಯಲ್ಲಿ ಕಡಿಮೆಯಾದದ್ದು ತೀರಿಹೋಯಿತೆಂದು ಅರ್ಥವಲ್ಲ. ಅದು ಬೇರೊಂದು ಖಾತೆಗೆ ವರ್ಗವಾಗಿರಬಹುದು.

ಚೊಚ್ಚಲ ಮರಿಯ ಪಾಲು

ಓರ್ಕಾದ ಗರ್ಭಾವಧಿ ಸುಮಾರು 17 ತಿಂಗಳು. ಹುಟ್ಟಿದ ಮರಿ ಒಂದು ವರ್ಷಕ್ಕೂ ಮೇಲ್ಪಟ್ಟು ತಾಯಿಯ ಹಾಲನ್ನು ಕುಡಿಯುತ್ತದೆ. ಹಸುವಿನ ಹಾಲಿನಲ್ಲಿ ಕೊಬ್ಬು ನೂರಕ್ಕೆ ಸುಮಾರು 4 ಭಾಗ, ಎಮ್ಮೆಯ ಹಾಲಿನಲ್ಲಿ ಸುಮಾರು 7 ಭಾಗ. ತಿಮಿಂಗಿಲಗಳ ಹಾಲಿನಲ್ಲಿಯಾದರೋ ಅದು ಸಾಮಾನ್ಯವಾಗಿ 30 ಭಾಗ ಅಥವಾ ಅದಕ್ಕೂ ಹೆಚ್ಚು. ತಣ್ಣೀರಿನಲ್ಲಿ ಮರಿಯ ಮೈ ಬೆಚ್ಚಗಿರಲು, ಅದು ಶೀಘ್ರವಾಗಿ ಬೆಳೆಯಲು ಪ್ರಕೃತಿ ಮಾಡಿದ ಏರ್ಪಾಡು ಇದು. ಈ ಕೊಬ್ಬನ್ನು ತಾಯಿ ತನ್ನ ಮೈಯ ದಾಸ್ತಾನಿನಿಂದಲೇ ತೆಗೆದು ಕೊಡಬೇಕು. ಕೊಬ್ಬು ಕರಗಿದಾಗ ಅದರಲ್ಲಿ ನೆಲೆಸಿದ್ದ ವಿಷವೂ ಹೊರಟು ಹಾಲಿಗೆ ಇಳಿಯುತ್ತದೆ. ಗರ್ಭದಲ್ಲಿರುವಾಗ ಜರಾಯುವಿನ ಮೂಲಕ ಮರಿಗೆ ಸೇರುವುದು ಅಲ್ಪಭಾಗ; ಬಹುಪಾಲು ಹಾಲಿನಿಂದಲೇ ಬರುತ್ತದೆ.

ದಕ್ಷಿಣ ಆಫ್ರಿಕದ ನಟಾಲ್ ಕರಾವಳಿಯ ಡಾಲ್ಫಿನ್‌ಗಳನ್ನು ಕುರಿತು 1989ರಲ್ಲಿ ಪ್ರಕಟವಾದ ಅಧ್ಯಯನವು, ತಾಯಿಯ ಮೈಯಲ್ಲಿ ಕೂಡಿದ್ದ ಇಂತಹ ವಿಷಗಳ ಸುಮಾರು ನೂರಕ್ಕೆ 80 ಭಾಗವು ಚೊಚ್ಚಲ ಮರಿಗೇ ವರ್ಗವಾಗುತ್ತದೆಂದು ಅಂದಾಜು ಮಾಡಿತು. ತಾಯಿ ಹುಟ್ಟಿದಂದಿನಿಂದ ಹತ್ತಾರು ವರ್ಷ ಕೂಡಿಸಿಟ್ಟದ್ದನ್ನು ಮೊದಲ ಮಗು ಕೆಲವೇ ವಾರಗಳಲ್ಲಿ, ಕೆಲವೇ ತಿಂಗಳುಗಳಲ್ಲಿ ಕುಡಿದುಬಿಡುತ್ತದೆ. ಎರಡನೆಯ, ಮೂರನೆಯ ಮರಿಗಳ ಪಾಲಿಗೆ ಬರುವುದು ಕಡಿಮೆ. ಅಮೆರಿಕದ ಫ್ಲಾರಿಡ ರಾಜ್ಯದ ಸರಸೋಟ ಕೊಲ್ಲಿಯ ಡಾಲ್ಫಿನ್‌ಗಳನ್ನು ದೀರ್ಘಕಾಲ ಗಮನಿಸಿದ ವಿಜ್ಞಾನಿಗಳು, ಚೊಚ್ಚಲ ಮರಿಗಳಲ್ಲಿ ಈ ವಿಷ ಹೆಚ್ಚೆಂದೂ ಅವು ಸಾಯುವುದೂ ಹೆಚ್ಚೆಂದೂ 2005ರಲ್ಲಿ ವರದಿ ಮಾಡಿದರು. ತಾಯಿಯ ಅನನುಭವವೂ ಇದಕ್ಕೆ ಒಂದು ಕಾರಣವಿರಬಹುದು. ಆದರೆ ವಿಷದ ಪಾತ್ರವನ್ನು ತಳ್ಳಿಹಾಕುವಂತಿಲ್ಲ.

ಈ ರಾಸಾಯನಿಕಗಳು ದೇಹದ ಹಾರ್ಮೋನುಗಳ ಕೆಲಸದಲ್ಲಿ, ವಿಶೇಷವಾಗಿ ಥೈರಾಯಿಡ್ ಗ್ರಂಥಿಯ ವ್ಯವಹಾರದಲ್ಲಿ ತಲೆಹಾಕುತ್ತವೆ. ರೋಗನಿರೋಧಕ ಶಕ್ತಿಯನ್ನು ಕುಂದಿಸುತ್ತವೆ. ಸಂತಾನಶಕ್ತಿಗೆ ಧಕ್ಕೆ ತರುತ್ತವೆ. ಬೆಳೆದ ಪ್ರಾಣಿ ತಾಳಿಕೊಳ್ಳಬಹುದಾದದ್ದನ್ನು ಬೆಳೆಯುತ್ತಿರುವ ಎಳೆಯ ಮಿದುಳು ತಾಳಿಕೊಳ್ಳಲಾರದು.

ಮರಿಯಿಲ್ಲದ ಲುಲು

2016ರ ಜನವರಿಯಲ್ಲಿ ಸ್ಕಾಟ್ಲೆಂಡಿನ ಟೈರೀ ದ್ವೀಪದ ದಡದಲ್ಲಿ ‘ಲುಲು’ ಎಂದು ಹೆಸರಿಸಲಾಗಿದ್ದ ಹೆಣ್ಣು ಓರ್ಕಾದ ಕಳೇಬರ ಸಿಕ್ಕಿತು. ಮೀನುಗಾರಿಕೆಯ ಹಗ್ಗದಲ್ಲಿ ಸಿಕ್ಕಿಕೊಂಡದ್ದು ಅದರ ಸಾವಿಗೆ ಕಾರಣ. ಆದರೆ ಪರೀಕ್ಷೆಯಿಂದ ಬೇರೊಂದು ಸಂಗತಿ ಬೆಳಕಿಗೆ ಬಂತು. ಅದರ ಕೊಬ್ಬಿನಲ್ಲಿ ಕಿಲೋಗ್ರಾಂಗೆ 957 ಮಿಲಿಗ್ರಾಂ ಪಿ.ಸಿ.ಬಿ. ಇತ್ತು. ಕಡಲ ಸ್ತನಿಗಳಲ್ಲಿ 9 ಮಿಲಿಗ್ರಾಂ ದಾಟಿದರೆ ದೇಹಕ್ಕೆ ಹಾನಿ ಆರಂಭವಾಗುತ್ತದೆಂದು ವಿಜ್ಞಾನಿಗಳು ಗಣಿಸುತ್ತಾರೆ. ಇಲ್ಲಿದ್ದುದು ಅದರ ನೂರು ಪಟ್ಟಿಗೂ ಹೆಚ್ಚು. ಕನಿಷ್ಠ 20 ವರ್ಷದ ಪ್ರಾಯದ ಲುಲು ಒಮ್ಮೆಯೂ ಗರ್ಭ ಧರಿಸಿರಲಿಲ್ಲವೆಂದು ಅಂಡಾಶಯದ ಪರೀಕ್ಷೆ ತೋರಿಸಿತು.

ಇಲ್ಲಿ ಕಾರಣ ಕಾರ್ಯಗಳು ಒಂದನ್ನೊಂದು ಸುತ್ತಿಕೊಂಡಿವೆ. ವಿಷ ಹೆಚ್ಚಾದುದರಿಂದ ಸಂತಾನವಾಗದೆ ಇದ್ದಿರಬಹುದು. ಸಂತಾನವಾಗದೆ ಹಾಲೂಡುವ ಸಂದರ್ಭ ಬಾರದ ಕಾರಣ ವಿಷ ಇಳಿಯಲೂ ಇಲ್ಲ. ಲುಲು ಸೇರಿದ್ದ ಸ್ಕಾಟ್ಲೆಂಡಿನ ಪಶ್ಚಿಮ ತೀರದ ಗುಂಪನ್ನು ಎರಡು ದಶಕಗಳಿಗೂ ಮೇಲ್ಪಟ್ಟು ಗಮನಿಸಿದರೂ ಅದರಲ್ಲಿ ಒಂದೇ ಒಂದು ಮರಿ ಹುಟ್ಟಿದ್ದು ಕಂಡುಬಂದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಅಲ್ಲಿ ಕಾಣಿಸಿಕೊಳ್ಳುತ್ತಿರುವುದು ಎರಡು ಗಂಡುಗಳು ಮಾತ್ರ. ಹೀಗೆ ಹೆಣ್ಣು ತಿಮಿಂಗಿಲದ ಮುಂದೆ ಎರಡೇ ದಾರಿಗಳು ಉಳಿದಂತಾಗಿದೆ: ಹೆತ್ತರೆ ವಿಷವನ್ನು ಮಗುವಿಗೆ ಕೊಡಬೇಕು, ಹೆರದಿದ್ದರೆ ತಾನೇ ಹೊತ್ತಿರಬೇಕು.

ಇದರೊಡನೆ ಹಸಿವೂ ಸೇರಿದರೆ ಕಷ್ಟ ಇಮ್ಮಡಿಯಾಗುತ್ತದೆ. ಆಹಾರ ಸಿಗದಾಗ ಪ್ರಾಣಿ ತನ್ನ ಕೊಬ್ಬನ್ನು ಕರಗಿಸಿ ಬದುಕುತ್ತದೆ; ಕೊಬ್ಬಿನಲ್ಲಿ ಸುಪ್ತವಾಗಿದ್ದ ವಿಷ ಆಗ ರಕ್ತಕ್ಕೆ ಬರುತ್ತದೆ. ಮೇಲೆ ಹೇಳಿದ ಸಿಯಾಟಲ್ ಸಮೀಪದ ದಕ್ಷಿಣದ ಗುಂಪಿನಲ್ಲಿ 2008ರಿಂದ 2014ರವರೆಗೆ ಗುರುತಿಸಲಾದ ಗರ್ಭಗಳಲ್ಲಿ ನೂರಕ್ಕೆ 69 ವಿಫಲವಾದವೆಂದು 2017ರ ಅಧ್ಯಯನವೊಂದು ತಿಳಿಸಿತು. ಸಾಲ್ಮನ್ ಮೀನಿನ ಅಭಾವವೇ ಅದಕ್ಕೆ ಪ್ರಧಾನ ಕಾರಣವೆಂದು ಆ ಅಧ್ಯಯನ ಹೇಳಿತು. ಇಂದು ಆ ಗುಂಪಿನಲ್ಲಿ ಉಳಿದಿರುವುದು ಎಪ್ಪತ್ತರ ಆಸುಪಾಸಿನ ಸಂಖ್ಯೆ ಮಾತ್ರ.

ನಮ್ಮ ಕಡಲಿನಲ್ಲಿ

ಇದು ದೂರದೇಶದ ವಾರ್ತೆಯೆಂದು ಸುಮ್ಮನಿರುವಂತಿಲ್ಲ. ತಮಿಳುನಾಡಿನ ಪರಂಗಿಪೇಟ್ಟೈ ಬಳಿ ಬಂಗಾಳ ಕೊಲ್ಲಿಯಲ್ಲಿ ದೊರೆತ ಡಾಲ್ಫಿನ್‌ಗಳನ್ನು ಜಪಾನಿ ಮತ್ತು ಭಾರತೀಯ ವಿಜ್ಞಾನಿಗಳು ಜೊತೆಗೂಡಿ ಪರೀಕ್ಷಿಸಿ 1993ರಲ್ಲಿ ವರದಿ ಪ್ರಕಟಿಸಿದರು. ಅವುಗಳಲ್ಲಿಯೂ ಡಿ.ಡಿ.ಟಿ. ಮತ್ತು ಪಿ.ಸಿ.ಬಿ. ಕಂಡುಬಂದವು, ಡಿ.ಡಿ.ಟಿ.ಯೇ ಎದ್ದುಕಾಣುತ್ತಿತ್ತು. ಹೊಲಗದ್ದೆಗಳಲ್ಲಿ ಚೆಲ್ಲಿದ ಪುಡಿ ಮಳೆಯೊಡನೆ ಹೊಳೆಗೆ, ಹೊಳೆಯೊಡನೆ ಕಡಲಿಗೆ ಸಾಗಿದ್ದಿತು. ವ್ಯವಸಾಯದಲ್ಲಿ ಡಿ.ಡಿ.ಟಿ.ಯ ಬಳಕೆಯನ್ನು ಭಾರತವು 1989ರಲ್ಲಿ ನಿಷೇಧಿಸಿತು.

ಮನುಷ್ಯ ತಾಯಂದಿರ ವಿಷಯ

ಇಷ್ಟನ್ನು ಓದಿದ ಮೇಲೆ ಮನೆಯಲ್ಲಿ ಎಳೆಗೂಸಿರುವ ತಾಯಂದಿರ ಮನಸ್ಸಿನಲ್ಲಿ ಒಂದು ಅಳುಕು ಹುಟ್ಟುವುದು ಸಹಜ. ಅದನ್ನು ಇಲ್ಲಿಯೇ ಪರಿಹರಿಸಬೇಕು.

ಕೆನಡದ ಉತ್ತರ ಕ್ವಿಬೆಕ್‌ನಲ್ಲಿ ಕಡಲ ಸ್ತನಿಗಳ ಕೊಬ್ಬನ್ನು ಉಣ್ಣುವ ಇನುಯಿಟ್ ಜನಾಂಗದ ತಾಯಂದಿರ ಹಾಲಿನಲ್ಲಿ, ದಕ್ಷಿಣದ ನಗರಗಳ ತಾಯಂದಿರ ಹಾಲಿಗಿಂತ ಸುಮಾರು ಐದು ಪಟ್ಟು ಪಿ.ಸಿ.ಬಿ. ಇರುವುದು 1980ರ ದಶಕದಲ್ಲಿ ತಿಳಿದುಬಂತು. ಅವರಿದ್ದ ಕಡೆ ಕಾರ್ಖಾನೆಯೇ ಇರಲಿಲ್ಲ. ತಿಮಿಂಗಿಲದ ಮಾಂಸ, ಕೊಬ್ಬುಗಳನ್ನು ಸಾಂಪ್ರದಾಯಿಕವಾಗಿ ತಿನ್ನುವ ಫ್ಯಾರೋ ದ್ವೀಪಗಳಲ್ಲಿ ವೈದ್ಯಾಧಿಕಾರಿಗಳು 1998ರಲ್ಲಿ, ಹೆಣ್ಣುಮಕ್ಕಳು ತಮ್ಮ ಎಲ್ಲ ಮಕ್ಕಳನ್ನು ಹೆರುವವರೆಗೂ ತಿಮಿಂಗಿಲದ ಕೊಬ್ಬನ್ನು ತಿನ್ನದಿರುವುದೇ ಲೇಸೆಂದು ಸಲಹೆಯಿತ್ತರು. 2008ರಲ್ಲಿ, ಅದು ಯಾರಿಗೂ ಆಹಾರವಾಗಿ ಯೋಗ್ಯವಲ್ಲವೆಂದೇ ತಿಳಿಸಿದರು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಈ ಎಚ್ಚರಿಕೆಗಳು ತಾಯಿಯ ಆಹಾರಕ್ಕೆ ಸಂಬಂಧಿಸಿದವೇ ಹೊರತು ತಾಯಿಯ ಹಾಲನ್ನು ಬಿಡಿಸುವಂಥವಲ್ಲ. ಇನುಯಿಟ್ ತಾಯಂದಿರಿಗೂ ಹಾಲೂಡುವುದನ್ನು ಮುಂದುವರಿಸುವಂತೆಯೇ ವೈದ್ಯರು ಹೇಳಿದರು. ಅನ್ನ, ಬೇಳೆ, ರಾಗಿ, ತರಕಾರಿಗಳನ್ನು ಉಣ್ಣುವ ನಮ್ಮವರು ಆಹಾರ ಸರಪಳಿಯ ಕೆಳಮೆಟ್ಟಿಲಿನವರು. ಓರ್ಕಾದ ಒಡಲಿನ ಹೊರೆಗೂ ನಮ್ಮ ತಾಯಂದಿರ ದೇಹದಲ್ಲಿರುವ ಅಂಶಕ್ಕೂ ಹೋಲಿಕೆಯೇ ಇಲ್ಲ. ಮೊದಲ ಆರು ತಿಂಗಳು ತಾಯಿಯ ಹಾಲನ್ನು ಮಾತ್ರವೂ, ಬಳಿಕ ಇತರ ಆಹಾರದೊಡನೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲವೂ ಹಾಲೂಡಬೇಕೆಂಬುದೇ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಗೃಹಸ್ಥರು ನೆನಪಿಡಬೇಕಾದ ಕೆಲವು ಮಾತುಗಳು:

1. ರಾಸಾಯನಿಕದ ಭಯದಿಂದ ಹಾಲೂಡುವುದನ್ನು ನಿಲ್ಲಿಸಬಾರದು. ಸಂದೇಹವಿದ್ದರೆ ವೈದ್ಯರನ್ನು ಕೇಳಬೇಕು.

2. ಹಾಲೂಡುವ ಕಾಲದಲ್ಲಿ ಉಪವಾಸಾದಿಗಳಿಂದ ಮೈಯನ್ನು ತಟ್ಟನೆ ಇಳಿಸಲು ಹೋಗಬಾರದು. ಕೊಬ್ಬು ಕರಗಿದಾಗ ಅದರಲ್ಲಿರುವುದೂ ಹೊರಬರುತ್ತದೆ. ತಾಯಿಯ ಬಲವೂ ಕುಂದುತ್ತದೆ.

3. ಮೀನು ಉತ್ತಮ ಆಹಾರ. ಬಂಗುಡೆ, ಬೂತಾಯಿಗಳಂತಹ ಸಣ್ಣ ಮೀನುಗಳು ಸರಪಳಿಯ ಕೆಳಮೆಟ್ಟಿಲಿನವು. ಗರ್ಭಿಣಿಯರು, ಬಾಣಂತಿಯರು ಶಾರ್ಕಿನಂತಹ ದೊಡ್ಡ ಬೇಟೆಗಾರ ಮೀನುಗಳನ್ನು ಬಿಡುವುದು ಲೇಸು. ಅವುಗಳಲ್ಲಿ ಪಾದರಸವೂ ಹೆಚ್ಚು ಕೂಡಿರುತ್ತದೆ.

4. ಹಳೆಯ ವಿದ್ಯುತ್ ತಂತಿ, ಪ್ಲಾಸ್ಟಿಕ್ ಮೊದಲಾದುವನ್ನು ವಠಾರದಲ್ಲಿ, ಬೀದಿಯಲ್ಲಿ ಸುಡಬಾರದು. ಆ ಹೊಗೆಯಲ್ಲಿ ಪಿ.ಸಿ.ಬಿ.ಯ ಬಂಧುವಾದ ಡಯಾಕ್ಸಿನ್ ಹುಟ್ಟುತ್ತದೆ. ಹಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆಯನ್ನು ಯಾವ ಕೆಲಸಕ್ಕೂ ಮನೆಗೆ ತರಬಾರದು.

ಋಣ ತೀರುವ ಬಗೆ

ಅಮೆರಿಕವು 1979ರಲ್ಲಿ ಪಿ.ಸಿ.ಬಿ. ತಯಾರಿಕೆಯನ್ನು ನಿಷೇಧಿಸಿತು. 2001ರಲ್ಲಿ ರಾಷ್ಟ್ರಗಳು ಸೇರಿ ಸ್ಟಾಕ್‌ಹೋಮ್ ಒಪ್ಪಂದವನ್ನು ಅಂಗೀಕರಿಸಿದವು. 2004ರಲ್ಲಿ ಅದು ಜಾರಿಗೆ ಬಂತು. 2006ರಲ್ಲಿ ಭಾರತವೂ ಅದನ್ನು ಸ್ಥಿರೀಕರಿಸಿತು. ಪಿ.ಸಿ.ಬಿ. ಇರುವ ವಿದ್ಯುತ್ ಸಲಕರಣೆಗಳ ಬಳಕೆಯನ್ನು 2025ರೊಳಗೆ ನಿಲ್ಲಿಸಿ, ಉಳಿದ ದಾಸ್ತಾನನ್ನು 2028ರೊಳಗೆ ವಿಲೇವಾರಿ ಮಾಡುವುದು ಅದರ ಗುರಿ. ಭಾರತ ಸರ್ಕಾರವು 2016ರಲ್ಲಿ ಇದರ ತಯಾರಿಕೆ, ಆಮದುಗಳನ್ನು ನಿಷೇಧಿಸುವ ಆಜ್ಞೆ ಹೊರಡಿಸಿತು. ದೇಶದ ಹಳೆಯ ಟ್ರಾನ್ಸ್‌ಫಾರ್ಮರ್‌ಗಳ ಎಣ್ಣೆಯಲ್ಲಿ ಪಿ.ಸಿ.ಬಿ.ಯನ್ನು ಪತ್ತೆಹಚ್ಚುವ ಕಾರ್ಯದಲ್ಲಿ ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯೂ ಪಾಲುಗೊಂಡಿದೆ.

ನಿಷೇಧದಿಂದ ಫಲವಿದೆಯೇ ಎಂದರೆ, ಇದೆ. ಯೆನ್ಸೆನ್ನನ ನಾಡಾದ ಸ್ವೀಡನ್ನಿನಲ್ಲಿ ತಾಯಂದಿರ ಹಾಲಿನ ಪರೀಕ್ಷೆ ದಶಕಗಳಿಂದ ನಡೆದಿದ್ದು, 1970ರ ದಶಕದಿಂದ ಈಚೆಗೆ ಅದರಲ್ಲಿ ಪಿ.ಸಿ.ಬಿ., ಡಿ.ಡಿ.ಟಿ.ಗಳ ಅಂಶ ಬಹಳವಾಗಿ ಇಳಿದಿದೆ. ಮನುಷ್ಯನ ಮಟ್ಟಿಗೆ ಇದು ಶುಭವಾರ್ತೆ. ಕಡಲಿನಲ್ಲಿ ಮಾತ್ರ ಇಳಿಕೆ ನಿಧಾನ. ಬ್ರಿಟನ್ನಿನ ಸುತ್ತಲಿನ ಕಡಲ ಸ್ತನಿಗಳಲ್ಲಿ ಮೊದಮೊದಲು ಇಳಿಯುತ್ತಿದ್ದ ಪಿ.ಸಿ.ಬಿ. 1990ರ ದಶಕದ ಕೊನೆಯ ನಂತರ ಒಂದೇ ಮಟ್ಟದಲ್ಲಿ ನಿಂತಂತೆ ಕಂಡಿತು. ಪ್ರಪಂಚದ ಓರ್ಕಾ ಗುಂಪುಗಳಲ್ಲಿ ಅರ್ಧಕ್ಕೂ ಹೆಚ್ಚು ಗುಂಪುಗಳ ಭವಿಷ್ಯವನ್ನು ಪಿ.ಸಿ.ಬಿ.ಯೊಂದೇ ಅಪಾಯಕ್ಕೆ ಗುರಿಮಾಡಬಲ್ಲದೆಂದು 2018ರ ಅಧ್ಯಯನವೊಂದು ಗಣಿಸಿ ಹೇಳಿದೆ. ಕಾರ್ಖಾನೆ ಮುಚ್ಚಿದರೂ ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ವರ್ಗವಾಗುವ ಈ ಖಾತೆ ಒಮ್ಮೆಲೇ ಮುಚ್ಚುವುದಿಲ್ಲ.

‘ಮಾಡಿದ್ದುಣ್ಣೋ ಮಹಾರಾಯ’ ಎಂಬುದು ನಮ್ಮ ಗಾದೆ. ತಿಮಿಂಗಿಲದ ವಿಷಯದಲ್ಲಿ ಗಾದೆ ತಲೆಕೆಳಗಾಗಿದೆ. ಮಾಡಿದವರು ಬೇರೆ, ಉಣ್ಣುತ್ತಿರುವವರು ಬೇರೆ. ಹಾಲನ್ನು ಶುದ್ಧಿಗೊಳಿಸುವ ಉಪಾಯ ತಾಯಿ ತಿಮಿಂಗಿಲಕ್ಕೆ ತಿಳಿಯದು. ಮರಿಗೆ ಆ ಹಾಲಲ್ಲದೆ ಬೇರೆ ಗತಿಯೂ ಇಲ್ಲ. ಆದುದರಿಂದ ತಡೆಯಬೇಕಾದದ್ದು ಹಾಲಿನಲ್ಲಲ್ಲ. ಕಾರ್ಖಾನೆಯ ಬಾಗಿಲಿನಲ್ಲಿ, ಗೋದಾಮಿನಲ್ಲಿ, ಹೊಲದ ಬದುವಿನಲ್ಲಿ. ಯಾವುದೇ ಹೊಸ ರಾಸಾಯನಿಕವನ್ನು ಬಳಕೆಗೆ ತರುವ ಮೊದಲು ಅದರ ಬೆಲೆಯೆಷ್ಟು, ಲಾಭವೆಷ್ಟು ಎಂದು ಕೇಳಿದರೆ ಸಾಲದು. ಅದು ಎಷ್ಟು ಕಾಲ ಉಳಿಯುತ್ತದೆ, ಕೊನೆಗೆ ಯಾರ ಒಡಲನ್ನು ಸೇರುತ್ತದೆ ಎಂಬ ಪ್ರಶ್ನೆಗಳಿಗೂ ಉತ್ತರ ದೊರಕಿಸಿಕೊಂಡೇ ಮುಂದುವರಿಯಬೇಕು.